ಏಳು ಅಂಗಳದ ಮಠ

ಹೋದ ಆಷಾಢದಲ್ಲಿ ಶಿಗ್ಗಾವಿಗೆ ಹೊರಟಿದ್ದ ನಾನು, ಬಸ್ಸು ಕೆಟ್ಟು ನಿಂತದ್ದರಿಂದ ಸವಣೂರಿನಲ್ಲಿ ಇಳಿಯಬೇಕಾಯಿತು. ಜಿಟಿಜಿಟಿ ಮಳೆ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಖಾರ ಎಂಬ ಕುರುಕಲು ತಿಂಡಿ ಕರಿಯುತ್ತಿದ್ದರು. ಪಕ್ಕದಲ್ಲಿ ಒದ್ದೆ ಗೋಣಿತಟ್ಟಿನ ಕೆಳಗೆ ವೀಳ್ಯದೆಲೆಯ ಪೆಂಡಿಗಳು. ಕಾದ ಎಣ್ಣೆ, ಹಸಿ ಎಲೆ ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ಬೇರೆಯವರಿಗೆ ತಾಯಿಯೋ ಹಳೆಯ ಪ್ರೀತಿಯೋ ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು ಅರವಿಂದ ದೇಸಾಯಿ ಎಂಬ ಎಂಜಿನಿಯರು. ಇಷ್ಟು ವರ್ಷಗಳಾದ ಮೇಲೂ ಆ ಹೆಸರಿಗೆ ಮೈ ಉರಿಯಿತು. ಆಗ ಅವನನ್ನು ಸಾಹೇಬರು ಎನ್ನುತ್ತಿದ್ದೆ. ಈಗ ಅವನು ಎಂದು ಬರೆಯುವುದರಲ್ಲಿ ಒಂದು ಸಣ್ಣ ಸುಖವಿದೆ, ಅದನ್ನು ಬಿಟ್ಟುಕೊಡಲಾರೆ.

ಎಂಬತ್ತಾರರ ಮಳೆಗಾಲ. ನನಗೆ ಇಪ್ಪತ್ತೈದು. ಹಾನಗಲ್ ತಾಲೂಕಿನವನು. ಅಕ್ಕಿಆಲೂರಿಗೆ ನಡೆದೇ ಸಂತೆಗೆ ಹೋಗುವಷ್ಟು ಹತ್ತಿರ ನಮ್ಮ ಊರು. ಎಪ್ಪತ್ತರ ದಶಕದಲ್ಲಿ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು, ದೇವರ ಜಗಲಿಯ ಮೇಲಿದ್ದ ಮೂರ್ತಿಗಳನ್ನೆಲ್ಲ ಇಳಿಸಿ ಬುದ್ಧನ ಒಂದೇ ಒಂದು ಪಟ ತೂಗುಹಾಕಿದ್ದ. ನಮ್ಮ ಕೇರಿಯಲ್ಲಿ ಬಿ.ಎಡ್. ಮುಗಿಸಿದವರಲ್ಲಿ ನಾನೇ ಮೊದಲಿಗ. ಸವಣೂರಿನ ಒಂದು ಹೈಸ್ಕೂಲಿಗೆ ಗಣಿತ, ವಿಜ್ಞಾನದ ಮಾಸ್ತರನಾಗಿ ಬಂದಿದ್ದೆ. ಎರಡು ವರ್ಷದ ಪ್ರೊಬೇಷನ್ನು. ಅಷ್ಟರೊಳಗೆ ಯಾರಾದರೂ ಒಂದು ದೂರು ಗೀಚಿ ಹಾಕಿದರೂ ಗಂಟುಮೂಟೆ ಕಟ್ಟಬೇಕು ಎಂಬ ಹೆದರಿಕೆ ಕೂತಲ್ಲಿ ನಿಂತಲ್ಲಿ ಇರುತ್ತಿತ್ತು.

ನನ್ನ ಖೋಲಿ ಗೌಸನ ರೇಡಿಯೋ ರಿಪೇರಿ ಅಂಗಡಿಯ ಮೇಲೆ. ಗೌಸನ ಮನೆತನದವರದು ಎಲೆ ತೋಟ, ಎಲೆ ವ್ಯಾಪಾರ. ಇವನೊಬ್ಬ ಮಾತ್ರ ಬಳ್ಳಿ ಬಿಟ್ಟು ವೈರು ಹಿಡಿದವನು. ನನ್ನದೇ ವಯಸ್ಸು, ನಗದೇ ಮಾತಾಡಲು ಬಾರದ ಮನುಷ್ಯ. ದೇಸಾಯಿ ತನ್ನ ಟೇಪ್ ರೆಕಾರ್ಡರ್ ರಿಪೇರಿಗೆ ತಂದಾಗ, ಮೇಲೆ ಒಬ್ಬ ವಿಜ್ಞಾನದ ಮಾಸ್ತರ ಇದ್ದಾನೆಂದು ಗೌಸ್ ಹೇಳಿದ್ದೇ ತಪ್ಪಾಯಿತು. ದೇಸಾಯಿ ನೆಟ್ಟಗೆ ಮೇಲೆ ಬಂದ. ಧಾರವಾಡದ ಕಡೆಯವನು, ಮೂವತ್ತೈದರ ಆಸುಪಾಸು, ಹೊತ್ತಿಸದ ಪೈಪನ್ನು ಬಾಯಲ್ಲಿಟ್ಟುಕೊಂಡು ಮಾತಾಡುವ ಚಟ. ಎರಡು ಸೂರ್ಯರಿರುವ ಲೋಕದಲ್ಲಿ ಒಂದು ಕಂಬಕ್ಕೆ ನೆರಳು ಹೇಗೆ ಬೀಳುತ್ತದೆ ಎಂದು ಕೇಳಿದ. ಸವಣೂರಿನಲ್ಲಿ ಇದ್ದ ಒಬ್ಬ ಸೂರ್ಯನ ಪತ್ತೆಯೂ ಆಗ ಹದಿನೈದು ದಿನದಿಂದ ಇರಲಿಲ್ಲ. ಆದರೂ ನಾನು ಕಾಗದ ತೆಗೆದು ಎರಡು ನೆರಳಿನ ಚಿತ್ರ ಬರೆದು ತೋರಿಸಿದೆ. ಸರಕಾರಿ ಎಂಜಿನಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರಲ್ಲ ಎಂದು ಉಬ್ಬಿಹೋದೆ. ಆ ಉಬ್ಬಿನ ಬಗ್ಗೆಯೂ ನನಗೆ ಈಗ ಅಷ್ಟೇ ತಿರಸ್ಕಾರ.

ವಿಷಯ ಇಷ್ಟು. ಅವನ ಹೆಂಡತಿಯ ಅಣ್ಣ ಇಂಗ್ಲೆಂಡಿನಲ್ಲಿದ್ದ. ಆತ ಒಂದು ಆಟದ ಪುಸ್ತಕವನ್ನೂ ನಾಲ್ಕು, ಎಂಟು, ಇಪ್ಪತ್ತು ಮುಖದ ದಾಳಗಳನ್ನೂ ಕಳಿಸಿದ್ದ. ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬ ಯಜಮಾನನಾಗಿ ಕೂತು ಒಂದು ಜಾಗವನ್ನು ವರ್ಣಿಸುತ್ತಾನೆ. ಉಳಿದವರು ಒಬ್ಬೊಬ್ಬ ಪಾತ್ರವಾಗಿ, ಆ ಜಾಗದಲ್ಲಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕೇಳಿಸಿಕೊಂಡ ಗೌಸ್, ಇದು ಸುಳ್ಳು ಹೇಳುವವರ ಪಂಚಾಯ್ತಿ ಎಂದ. ಆದರೂ ಇಬ್ಬರೂ ಹೋದೆವು. ಮಳೆಗಾಲದ ಭಾನುವಾರಗಳನ್ನು ಕಳೆಯಲು ಆ ಊರಿನಲ್ಲಿ ನಮಗೆ ಬೇರೆ ದಾರಿ ಇರಲಿಲ್ಲ.

ದೇಸಾಯಿಯ ಕ್ವಾರ್ಟರ್ಸಿನ ವರಾಂಡದಲ್ಲಿ ಆಟ. ಅವನು, ಅವನ ಹೆಂಡತಿ ವಿಮಲಾಬಾಯಿ, ಗೌಸ್, ನಾನು. ಮೊದಲ ದಿನವೇ ನಮ್ಮ ಕೈಗೆ ಸೈಕ್ಲೋಸ್ಟೈಲ್ ಮಾಡಿದ ಕಾಗದದ ಕಟ್ಟು ಬಂತು. ಮೇಲೆ ದಪ್ಪ ಅಕ್ಷರದಲ್ಲಿ 'ಏಳು ಅಂಗಳದ ಮಠ' ಎಂದೂ ಅದರ ಕೆಳಗೆ 'ರಚನೆ: ಅ. ದೇಸಾಯಿ' ಎಂದೂ ಇತ್ತು.

ಮಠ ಇದ್ದದ್ದು ಎರಡು ಸೂರ್ಯರ ಒಂದು ಒಣ ಲೋಕದಲ್ಲಿ, ಕಡಿದಾದ ಬಂಡೆಯ ನೆತ್ತಿಯ ಮೇಲೆ. ಅಲ್ಲಿನ ಸನ್ಯಾಸಿಗಳು ಮನುಷ್ಯರಲ್ಲ. ನಾಲ್ಕು ಕೈ, ಕಲ್ಲಿನಂಥ ಚರ್ಮ, ರೆಪ್ಪೆಯಿಲ್ಲದ ಕಣ್ಣು. ಎರಡು ಕೈ ಮುಗಿದುಕೊಂಡಿರುವಾಗಲೇ ಇನ್ನೆರಡು ಕೈ ದೊಣ್ಣೆ ತಿರುಗಿಸುತ್ತಿರುತ್ತಿದ್ದವು. ಒಂದೊಂದು ಅಂಗಳದಲ್ಲಿ ಒಂದೊಂದು ವಿದ್ಯೆ: ಉಸಿರು ಕಟ್ಟುವುದು, ದೊಣ್ಣೆ, ಕತ್ತಿ, ಸದ್ದಿಲ್ಲದ ಹೊಡೆತ, ಹೀಗೆ. ಏಳನೆಯ ಅಂಗಳದಲ್ಲಿ ಮುನ್ನೂರು ವರ್ಷದಿಂದ ನೆಲಕ್ಕೆ ಕಾಲಿಡದ ಮಹಾಗುರು. ಎಲ್ಲರೂ ಮರಳಿನಲ್ಲಿಟ್ಟ ಮೊಟ್ಟೆಯಿಂದ ಹುಟ್ಟುವವರು. ಚಿಪ್ಪು ಬಿಳಿಯಾದರೆ ಮಂತ್ರ ಮತ್ತು ಬೋಧನೆ. ತಾಮ್ರದ ಬಣ್ಣವಾದರೆ ಆಯುಧ. ಬೂದಿ ಬಣ್ಣವಾದರೆ ಬಂಡೆಯ ಬುಡದ ಬಾವಿಯಿಂದ ಗುಪ್ತ ದಾರಿಯಲ್ಲಿ ಏಳೂ ಅಂಗಳಕ್ಕೆ ನೀರು ಹೊರುವುದು, ಕಸ ಹೊಡೆಯುವುದು. ಬೂದಿ ಚಿಪ್ಪಿನವರು ಆಯುಧವನ್ನು ಕಣ್ಣೆತ್ತಿ ನೋಡುವ ಹಾಗಿಲ್ಲ. ಬಿಳಿಯರು ಎದುರು ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು.

ಪಾತ್ರ ಹಂಚಿದವನು ದೇಸಾಯಿ. ಗೌಸನಿಗೆ ತಾಮ್ರ. ಹೆಂಡತಿಗೆ ಬಿಳಿ. ನನಗೆ ಬೂದಿ. ಯಾಕೆ ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ: "ನಿಮಗ ಅದು ಸಹಜ ಬರತದ ಮಾಸ್ತರ. ಪಾತ್ರದಾಗ ಜೀವ ಇರಬೇಕು ನೋಡ್ರಿ."

ಹೇಳಿ ಪೈಪು ಕಚ್ಚಿದ. ಅವನು ಕೆಟ್ಟದ್ದನ್ನು ಆಡುತ್ತಿದ್ದೇನೆಂದು ತಿಳಿದು ಆಡಿದವನಲ್ಲ, ನನ್ನನ್ನು ಹೊಗಳುತ್ತಿದ್ದೇನೆಂದೇ ತಿಳಿದಿದ್ದ. ಅದಕ್ಕೇ ಅವನ ಮೇಲಿನ ನನ್ನ ಸಿಟ್ಟು ಇಂದಿಗೂ ಹಳತಾಗಿಲ್ಲ.

ಮುಂದಿನ ಶನಿವಾರ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ನಾಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಬೇರೆ ಲೋಕ, ಎರಡು ಸೂರ್ಯ, ನಾಲ್ಕು ಕೈಯ ಸನ್ಯಾಸಿಗಳು, ಎಲ್ಲವನ್ನೂ ತಲೆದೂಗುತ್ತ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಹಾಕಿದ.

"ಅಲ್ಲಿ ಕಸಾ ಯಾರು ಹೊಡಿತಾರಪಾ?"

ಅಪ್ಪನಿಗೆ ನನ್ನ ಉತ್ತರ ಬೇಕಿರಲಿಲ್ಲ. ಅಷ್ಟು ದೂರ ಹೋಗಿ ಕಟ್ಟಿದ್ದು ಇದನ್ನೇ ಏನು ಎಂದು ಗೊಣಗಿ ಒಳಗೆ ಹೋದ.

ಅಪ್ಪನ ಪ್ರಶ್ನೆ ಹೊತ್ತುಕೊಂಡು ಸವಣೂರಿಗೆ ಬಂದ ಮೇಲೆ, ಅಲ್ಲಿಯವರೆಗೆ ಕಂಡೂ ಕಾಣದ ಹಾಗಿದ್ದ ಸಂಗತಿಗಳು ಕಾಣತೊಡಗಿದವು. ವರಾಂಡಕ್ಕೆ ಇರಚಲು ಹೊಡೆದು ಕಾಗದ ಒದ್ದೆಯಾದರೂ ದೇಸಾಯಿ ಒಳಗೆ ಕೂಡೋಣವೆಂದು ಅನ್ನುತ್ತಿರಲಿಲ್ಲ. ಅವನಿಗೆ ಸ್ಟೀಲಿನ ಲೋಟದಲ್ಲಿ ಚಹಾ. ಗೌಸನಿಗೂ ನನಗೂ ಗಾಜಿನ ಗ್ಲಾಸು. ಕುಡಿದ ಮೇಲೆ ದೇಸಾಯಿ ಗ್ಲಾಸುಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಡಲು ಕಣ್ಣಲ್ಲೇ ತೋರಿಸುತ್ತಿದ್ದ, ಮಳೆ ನೀರಿಗೆ ಅವು ತಾವೇ ತೊಳೆದುಕೊಳ್ಳುತ್ತಿದ್ದವು. ಗೌಸನನ್ನು ಕೇಳಿದೆ. ಅವನು ಮೊದಲ ದಿನವೇ ನೋಡಿದ್ದ. ಚಹಾ ಚಲೋ ಇರುತ್ತದೆ, ಕುಡಿದು ಬರೋಣ ಎಂದ. ನನಗೆ ಅವನ ಮೇಲೂ ಸಿಟ್ಟು ಬಂತು.

ಹೋಗುವುದನ್ನು ಬಿಡಬಹುದಿತ್ತು. ಬಿಡಲಿಲ್ಲ. ಆ ಮನುಷ್ಯನನ್ನು ವಾರಕ್ಕೊಮ್ಮೆ ಹತ್ತಿರದಿಂದ ನೋಡಿ ಒಳಗೊಳಗೇ ಹೀಯಾಳಿಸುವುದು ನನಗೆ ಚಟವಾಯಿತು. ಅವನು ಸದ್ದಿಲ್ಲದ ಹೊಡೆತವನ್ನು ವರ್ಣಿಸುವಾಗ ಬಾಯಿಂದ ಉಗುಳು ಹಾರುತ್ತಿತ್ತು. ಮಹಾಗುರುವಿನ ಮಾತಾಡುವಾಗ ದನಿ ದಪ್ಪ ಮಾಡುತ್ತಿದ್ದ, ಮಧ್ಯೆ ಕೆಮ್ಮು ಬಂದು ಮಹಾಗುರು ಹೆಂಡತಿಯ ಕಡೆ ನೀರಿಗೆ ಕೈ ಚಾಚುತ್ತಿದ್ದ. ವಿಮಲಾಬಾಯಿ ಎದ್ದು ಹೋಗಿ ನೀರು ತಂದುಕೊಟ್ಟು ಮತ್ತೆ ಬಂದು ಕೂಡುತ್ತಿದ್ದರು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ಸರದಿ ಬಂದಾಗ ತಮ್ಮ ಬಿಳಿಯ ಸನ್ಯಾಸಿ ಏನು ಮಾಡಬೇಕೆಂದು ಗಂಡನೇ ಹೇಳಿಬಿಡುತ್ತಿದ್ದ, ಅವರು ದಾಳ ಉರುಳಿಸುತ್ತಿದ್ದರು. ಗಂಡನ ನೆರಳು ಎಂದು ಲೆಕ್ಕ ಹಾಕಿ ನಾನು ಅವರನ್ನೂ ನನ್ನ ತಿರಸ್ಕಾರದ ಪಟ್ಟಿಯಲ್ಲಿ ಸೇರಿಸಿಬಿಟ್ಟೆ.

ಶ್ರಾವಣದ ಒಂದು ಭಾನುವಾರ ದೇಸಾಯಿ ದೊಡ್ಡ ತಯಾರಿ ಮಾಡಿಕೊಂಡು ಕೂತಿದ್ದ. ಬಯಲಿನ ಶತ್ರುಗಳು ಮಠಕ್ಕೆ ಮುತ್ತಿಗೆ ಹಾಕಿದ್ದಾರೆ. ತಾಮ್ರದವರು ಕೋಟೆಯ ಮೇಲೆ, ಬಿಳಿಯರು ಮಂತ್ರದಲ್ಲಿ. ಒಂದು ಗಂಟೆ ಗೌಸ್ ಕತ್ತಿ ಬೀಸಿದ. ನನ್ನ ಸರದಿ ಬಂದಾಗ, ಬೂದಿಯವರು ಎಂದಿನಂತೆ ಬಾವಿಯಿಂದ ನೀರು ಹೊರುತ್ತಿದ್ದಾರೆ, ಇನ್ನು ಮುಂದಿನವರ ಸರದಿ ಎಂದ ದೇಸಾಯಿ.

"ನಾನು ಕೊಡ ಕೆಳಗಿಡತೇನ್ರಿ" ಅಂದೆ. "ನಾನಷ್ಟ ಅಲ್ಲ. ಬೂದಿಯವ್ರಿಗೆಲ್ಲಾರಿಗೂ ಇಡ್ರಿ ಅಂತ ಹೇಳತೇನಿ."

ಪೈಪು ಬಾಯಿಂದ ಇಳಿಯಿತು. ಅದಕ್ಕೆ ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟರ ಮೇಲೆ ಬೀಳಬೇಕೆಂದ. ಉರುಳಿಸಿದೆ. ಹತ್ತೊಂಬತ್ತು ಬಿತ್ತು. ಗೌಸ್ ತೊಡೆ ತಟ್ಟಿಕೊಂಡ. ಬಿಳಿಯರೇ ನೀರು ತಂದುಕೊಳ್ಳುತ್ತಾರೆ ಬಿಡಿ ಎಂದು ದೇಸಾಯಿ ಕೈ ಝಾಡಿಸಿದ. ಆಗ ವಿಮಲಾಬಾಯಿ, ಕಾಗದ ಮಗುಚದೆಯೇ, ಹನ್ನೊಂದನೇ ಪುಟದ ಸಾಲನ್ನು ಮೆತ್ತಗೆ ಬಾಯಿಪಾಠ ಹೇಳಿದರು: ಬಿಳಿ ಚಿಪ್ಪಿನವರು ಕೊಡ ಮುಟ್ಟಿದರೆ ಅವರ ವಿದ್ಯೆಯೆಲ್ಲ ಹೋಗುತ್ತದೆ, ತಾಮ್ರದವರು ಬಾವಿಯ ದಾರಿ ಅರಿಯರು, ನೀರಿಲ್ಲದೆ ಎರಡು ದಿನ ಕಳೆದರೆ ಮಠದಲ್ಲಿ ಯಾರೂ ಉಳಿಯರು.

ದೇಸಾಯಿ ಹೆಂಡತಿಯ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಆಕಾಶ ಕಪ್ಪಾಯಿತು, ಮಠದ ಮೇಲೆ ಧಾರಾಕಾರ ಮಳೆ ಸುರಿಯಿತು ಎಂದು ಘೋಷಿಸಿದ.

"ಸಾಹೇಬ್ರ, ಆ ಲೋಕದಾಗ ಮಳೀನ ಇಲ್ಲ ಅಂತ ಒಂದನೇ ಪುಟದಾಗ ಐತಲ್ರಿ" ಎಂದು ಗೌಸ್ ನಕ್ಕ. ನಾನೂ ನಕ್ಕೆ. ತಿಂಗಳುಗಟ್ಟಲೆ ಕೂಡಿಟ್ಟಿದ್ದ ನಗು, ಸ್ವಲ್ಪ ಹೆಚ್ಚೇ ಆಯಿತು.

ದೇಸಾಯಿಯ ಮುಖ ಕೆಂಪಾಯಿತು. ಗೌಸನನ್ನು ಬಿಟ್ಟು ನನ್ನ ಕಡೆಗೇ ತಿರುಗಿದ.

"ನಿಮ್ಮವರದು ಎಲ್ಲಿ ಹೋದ್ರೂ ಇದ ರಗಳಿ. ಆಟದಾಗ ಒಂದು ಜಾಗಾ ಕೊಟ್ರ ಅಲ್ಲೂ ಸುಮ್ಮ ಕೂಡೂದಿಲ್ಲ."

ವಿಮಲಾಬಾಯಿ ಎದ್ದು ನಿಂತು, ಒಳಗೆ ಬರ್ರಿ ಮಾಸ್ತರ, ಕೂತು ಮಾತಾಡೋಣು ಎಂದರು. ಅವರ ಮುಖವನ್ನು ನಾನು ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿ ಮಳೆಯಲ್ಲಿ ಇಳಿದೆ. ಒಳಗೆ ಕರೆಯಲು ಇಷ್ಟು ತಿಂಗಳು ಬೇಕಾಯಿತೇ ಎಂದು ಮನಸ್ಸಿನಲ್ಲೇ ಆಕೆಗೂ ಒಂದು ಬಡಿದು ಹೊರಟುಹೋದೆ.

ಹದಿನೈದು ದಿನ ಕಳೆದಿರಬೇಕು. ಹೆಡ್ಮಾಸ್ತರರು ಕರೆದು ಒಂದು ಪತ್ರ ತೋರಿಸಿದರು. ಸಹಿ ಇಲ್ಲ. ನಿಮ್ಮ ಶಾಲೆಯ ಪ್ರೊಬೇಷನರಿ ಮಾಸ್ತರ ಒಬ್ಬನು ರೇಡಿಯೋ ಅಂಗಡಿಯವನ ಜತೆ ಸೇರಿ ಇಪ್ಪತ್ತು ಮುಖದ ದಾಳದಿಂದ ಜೂಜಾಡುತ್ತಿದ್ದಾನೆ, ಮಠ-ಸ್ವಾಮಿಗಳ ಬಗ್ಗೆ ಹೀನಾಯವಾದ ಕಾಗದಗಳನ್ನು ಹಂಚುತ್ತಿದ್ದಾನೆ ಎಂದು ಬರೆದಿತ್ತು. ಇಪ್ಪತ್ತು ಮುಖದ ದಾಳ ಇರುವುದು ಆ ಊರಿನಲ್ಲಿ ನಾಲ್ಕೇ ಜನಕ್ಕೆ ಗೊತ್ತು. ಗುಂಡಗೆ, ಒಪ್ಪವಾಗಿ, ಹೆಂಗಸರ ಕೈಯಂತಿದ್ದ ಅಕ್ಷರ. ಗಂಡ ಹೇಳಿದ್ದಾನೆ, ಹೆಂಡತಿ ಬರೆದಿದ್ದಾಳೆ ಎಂದು ಅಲ್ಲಿ ನಿಂತಲ್ಲೇ ತೀರ್ಮಾನ ಮಾಡಿದೆ. ಬುಧವಾರ ಶಿಗ್ಗಾವಿಯಿಂದ ಸಾಹೇಬರೊಬ್ಬರು ವಿಚಾರಣೆಗೆ ಬರುತ್ತಾರೆಂದು ಹೆಡ್ಮಾಸ್ತರರು ಹೇಳಿದರು. ನೌಕರಿ ಹೋದರೆ ಊರಿಗೆ ಹೇಗೆ ಮುಖ ತೋರಿಸಲಿ ಎಂಬುದಕ್ಕಿಂತ, ನಮ್ಮ ಕೇರಿಯ ಮುಂದಿನ ಹುಡುಗ ಅರ್ಜಿ ಹಾಕಿದಾಗ ನನ್ನ ಹೆಸರು ತೆಗೆದು ಆಡಿಕೊಳ್ಳುತ್ತಾರಲ್ಲ ಎಂಬುದೇ ಸುಡುತ್ತಿತ್ತು.

ವಿಚಾರಣೆಯಂಥ ವಿಚಾರಣೆ. ಬಂದವರು ದಪ್ಪ ಕನ್ನಡಕದ ಅಧಿಕಾರಿ. ಅವರಿಗೆ ಆಟ ತಿಳಿಸಲು ಅರ್ಧ ಗಂಟೆ ಹೆಣಗಿದೆ. ಎಲ್ಲ ಕೇಳಿ ಆದ ಮೇಲೆ ಅವರು ಕೇಳಿದ ಪ್ರಶ್ನೆ, ಈ ಮಠ ಯಾವ ಪರಂಪರೆಗೆ ಸೇರಿದ್ದು ಎಂದು. ಇದು ಭೂಮಿಯ ಮೇಲಿನದಲ್ಲ ಸಾರ್ ಎಂದೆ. ಅವರು ಬರೆದುಕೊಂಡರು. ಸ್ವಾಮಿಗಳಿಗೆ ನಾಲ್ಕು ಕೈ ಎಂದರೆ ಭಕ್ತರ ಮನಸ್ಸು ನೋಯುವುದಿಲ್ಲವೇ ಎಂದು ಹೆಡ್ಮಾಸ್ತರರು ಸೇರಿಸಿದರು. ಅದನ್ನೂ ಬರೆದುಕೊಂಡರು. ಪಣಕ್ಕೆ ಏನು ಇಡುತ್ತಿದ್ದಿರಿ ಎಂದರು. ಏನೂ ಇಲ್ಲ ಎಂದೆ. ಏನೂ ಇಡದೆ ಮೂರು ತಿಂಗಳು ದಾಳ ಹಾಕಿದ್ದೀರಾ ಎಂದು ಕನ್ನಡಕದ ಮೇಲಿಂದ ನೋಡಿದರು. ನಿಜ ಹೇಳಿದಷ್ಟೂ ನಾನು ಸುಳ್ಳುಗಾರನಾಗುತ್ತಿದ್ದೆ.

ಆಗ ಬಾಗಿಲಲ್ಲಿ ವಿಮಲಾಬಾಯಿ ಕಾಣಿಸಿಕೊಂಡರು. ಸೀರೆಯ ನೆರಿಗೆ ಮೊಣಕಾಲತನಕ ಒದ್ದೆ, ಕೈಯಲ್ಲಿ ಬಟ್ಟೆಯ ಚೀಲ. ಅವರ ಮನೆಯ ರೇಡಿಯೋ ನೋಡಲು ಹೋದಾಗ ಗೌಸ್ ಸುದ್ದಿ ಹೇಳಿದ್ದನಂತೆ. ಅವರು ಅಪ್ಪಣೆ ಕೇಳದೆ ಒಳಗೆ ಬಂದು ಚೀಲದಿಂದ ದಾಳಗಳನ್ನೂ ಕಾಗದದ ಕಟ್ಟನ್ನೂ ತೆಗೆದು ಮೇಜಿನ ಮೇಲೆ ಇಟ್ಟರು.

"ಇವು ನಮ್ಮಣ್ಣ ನನಗ ಕಳಿಸಿದ್ದು. ಆಟ ನಡದದ್ದು ನಮ್ಮ ಮನ್ಯಾಗ, ನನ್ನ ಕಣ್ಮುಂದ. ಇದು ಜೂಜು ಅಂತ ಬರಕೊಳ್ಳೂದಿದ್ರ ನಂದು, ನಮ್ಮ ಮನಿಯವರದು ಎರಡೂ ಹೆಸರು ಬರಕೋರಿ. ಮಾಸ್ತರದು ಕಡೀಕ ಬರೀರಿ, ಅವ್ರು ಬಂದದ್ದು ಎಲ್ಲಾರಗಿಂತ ಕಡೀಕ."

ಮನೆಯವರು ಯಾರು ಎಂದು ಅಧಿಕಾರಿ ಕೇಳಿದಾಗ ವಿಮಲಾಬಾಯಿ ಗಂಡನ ಹೆಸರು, ಹುದ್ದೆ ಹೇಳಿದರು. ಅಲ್ಲಿಗೆ ವಿಚಾರಣೆ ಮುಗಿಯಿತು. ನನ್ನ ಅರ್ಧ ಗಂಟೆಯ ಸತ್ಯಕ್ಕೆ ಅಲುಗದ ಫೈಲು ಒಬ್ಬ ಎಂಜಿನಿಯರನ ಹೆಸರಿಗೆ ಪಟ್ಟನೆ ಮುಚ್ಚಿಕೊಂಡಿತು. ಅಧಿಕಾರಿ ವಿಮಲಾಬಾಯಿಯವರಿಗೆ ಕುರ್ಚಿ ಹಾಕಿಸಿದರು. ಹೆಡ್ಮಾಸ್ತರರು ಚಹಾಕ್ಕೆ ಕಳಿಸಿದರು. ಅನಾಮಧೇಯ ಪತ್ರಗಳ ಹಾವಳಿಯ ಬಗ್ಗೆ ಇಬ್ಬರೂ ಬೇಸರ ತೋಡಿಕೊಂಡರು. ವಿಮಲಾಬಾಯಿ ಕೂಡಲಿಲ್ಲ, ಚಹಾ ಮುಟ್ಟಲಿಲ್ಲ.

ನಾನು ಹಿಂದೆಯೇ ಹೊರಗೆ ಬಂದೆ. ಶಾಲೆಯ ಗೇಟಿನ ಹತ್ತಿರ ಅವರು ಕೊಡೆ ಬಿಚ್ಚುತ್ತಿದ್ದರು. ಕೃತಜ್ಞತೆ ಹೇಳಲು ಬಂದೆನೋ, ಪತ್ರ ಬರೆದವರು ಯಾರು ಎಂದು ಕೇಳಲು ಬಂದೆನೋ ನನಗೇ ಸ್ಪಷ್ಟವಿರಲಿಲ್ಲ. ನನ್ನ ಸಲುವಾಗಿ ಇಷ್ಟು ತೊಂದರೆ ತೆಗೆದುಕೊಂಡಿರಿ ಎಂದೆ.

"ನಿಮ್ಮ ಸಲುವಾಗಿ ಬಂದಿಲ್ರಿ" ಎಂದರು. "ಆ ಆಟದ ಕಾಗದ ನಂದು. ಮಠ ನಾನ ಕಟ್ಟೀನಿ, ಸ್ಟೆನ್ಸಿಲ್ ನಾನ ಕೊರದೀನಿ. ಮ್ಯಾಲ ಅವ್ರ ಹೆಸರು ಹಾಕಿ ಆಫೀಸಿನಾಗ ಛಾಪಿಸಿ ತಂದ್ರು. ಕೆಟ್ಟ ಕಾಗದ ಅಂತ ಹೇಳಿದವರ ಮುಂದರ ಅದು ನಮ್ಮ ಮನೀದು ಅಂತ ಯಾರರ ಒಬ್ರು ಹೇಳಬೇಕಿತ್ತು."

ನಾನು ಮತ್ತೆ ಹಳೆಯ ಸಿಟ್ಟನ್ನೇ ಹಿಡಿದುಕೊಂಡೆ. ಹಾಗಾದರೆ ಬೂದಿ ಚಿಪ್ಪಿನವರನ್ನು ಬರೆದದ್ದೂ ನೀವೇ ಏನ್ರಿ ಎಂದು ಕೇಳಿದೆ. ದನಿಯಲ್ಲಿ ಮುಳ್ಳಿತ್ತು.

"ಹೌದು. ಅವರು ನಾನು." ಕೊಡೆಯ ಕಡ್ಡಿ ಸರಿಮಾಡುತ್ತಲೇ ಹೇಳಿದರು. "ಮದುವ್ಯಾದಾಗಿಂದ ಆ ಮನ್ಯಾಗ ನೀರು ಹೊತ್ತು, ನಾಕು ಮಂದಿ ಬಂದಾಗ ಗ್ವಾಡಿ ಮಾರಿ ನೋಡಿ ನಿಂತಾಕಿ ನಾನು. ತಿಂಗಳಿಗೆ ಮೂರು ದಿನಾ ನನಗೂ ಆ ವರಾಂಡಾನ. ಅದನ್ನ ಬರದಿದ್ದೆ. ನಿಮಗ ಆ ಪಾತ್ರ ಕೊಟ್ಟವ್ರು ನಮ್ಮ ಮನಿಯವ್ರು."

ಕಡ್ಡಿ ಸರಿಯಾಯಿತು, ಅವರು ಕೊಡೆ ಬಿಚ್ಚಿದರು.

"ಆ ಹನ್ನೊಂದನೇ ಪುಟ ಬರದು ಮೂರು ತಿಂಗಳು ಕಾದೆ, ಯಾರರ ಕೊಡಾ ಇಡತಾರೇನ ಅಂತ. ನನಗ ಬಿಳೀ ಪಾತ್ರ ಕೊಟ್ಟಿದ್ರು, ನಾ ಇಡಾಕ ಬರತಿರಲಿಲ್ಲ. ನೀವು ಇಟ್ರಿ. ಇಟ್ಟು ಎದ್ದು ಹೋದ್ರಿ." ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು. "ಮುಂದ ಏನಾಗತಿತ್ತು ಅಂತ ನಾ ನೋಡಬೇಕಿತ್ರಿ ಮಾಸ್ತರ. ಒಳಗ ಬರ್ರಿ ಅಂದದ್ದು ಅದಕ್ಕ."

ಕೊಡೆ ಹಿಡಿದು ಹೊರಟರು. ಖಾರದ ಅಂಗಡಿಗಳ ಸಾಲು ದಾಟಿ ಕ್ವಾರ್ಟರ್ಸಿನ ಕಡೆ ತಿರುಗುವವರೆಗೂ ನಿಂತು ನೋಡಿದೆ. ಕೂಗಿ ಕರೆಯಬಹುದಿತ್ತು. ಮುಂದೆ ಏನಾಗುತ್ತಿತ್ತೆಂದು ನಾನು ಯೋಚಿಸಿರಲಿಲ್ಲ ಎಂದಾದರೂ ಹೇಳಬಹುದಿತ್ತು. ನಾನು ಕೊಡ ಇಟ್ಟದ್ದು ದೇಸಾಯಿಯ ಮುಖ ಕೆಂಪಾಗುವುದನ್ನು ನೋಡಲು ಮಾತ್ರ. ಅದು ಕೆಂಪಾಯಿತು, ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ದೀಪಾವಳಿಯೊಳಗೆ ದೇಸಾಯಿಗೆ ಬಡ್ತಿಯೂ ವರ್ಗವೂ ಆಗಿ ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟರು. ಪತ್ರ ಬರೆದವರು ಯಾರೆಂದು ನಾನು ಕೊನೆಗೂ ಕೇಳಲಿಲ್ಲ. ಗೌಸನಿಗೆ ಅವರ ವಿಳಾಸ ಗೊತ್ತಿತ್ತು, ಅದನ್ನೂ ಕೇಳಲಿಲ್ಲ. ಪ್ರೊಬೇಷನ್ನು ಮುಗಿದ ಮೇಲೆ ಹಿರೇಕೆರೂರಿಗೆ ವರ್ಗ ತೆಗೆದುಕೊಂಡೆ. ಅಲ್ಲಿ ಒಂದು ರಜೆಯ ಮಧ್ಯಾಹ್ನ, ಹೊರಗೆ ಸಂತೆಯ ಗದ್ದಲ ನಡೆದಿರುವಾಗ, ಒಂದು ನೋಟುಬುಕ್ಕು ತೆಗೆದು ಬರೆಯಲು ಕೂತೆ: ಬಾವಿಯ ಬುಡದಲ್ಲಿ ಕೊಡಗಳು ಸಾಲಾಗಿ ಕೂತಿವೆ, ಬೂದಿಯವರು ಅವುಗಳ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಾರೆ, ಮೇಲೆ ಏಳೂ ಅಂಗಳದಲ್ಲಿ ಸದ್ದಿಲ್ಲ. ಅಷ್ಟು ಬಂತು. ಮೊದಲು ಮಾತಾಡುವವರು ಅವರಲ್ಲಿ ಯಾರು, ಏನು ಹೇಳುತ್ತಾರೆ ಎಂಬುದು ಸಂಜೆಯಾದರೂ ಹೊಳೆಯಲಿಲ್ಲ. ಅದನ್ನು ಬಲ್ಲವರು ಒಬ್ಬರೇ ಇದ್ದರು. ಅವರು ಒಳಗೆ ಕರೆದಾಗ ನಾನು ಚಪ್ಪಲಿ ಮೆಟ್ಟುತ್ತಿದ್ದೆ.